ಧೂಳು ನುಂಗುವ ಡಸ್ಟರು

"ಇನ್ನು ಎರಡೇ ದಿನ! ಕರಿಹಲಗೆಯ ಚರಿತ್ರೆಯನ್ನೇ ಬದಲಾಯಿಸಿಬಿಡ್ತೀನಿ, ನೋಡ್ತಾ ಇರು!"

ಶುಕ್ರವಾರ ಸಂಜೆ ಶಾಲೆಯಿಂದ ಬಂದ ಗಣಿತದ ಮೇಷ್ಟ್ರು ಚಪ್ಪಲಿ ಬಿಡುವುದಕ್ಕೂ ಮೊದಲೇ ಹೀಗೆ ಘೋಷಿಸಿದರು. ಘೋಷಣೆಯ ಬೆನ್ನಿಗೇ ಮೂರು ಸಲ ಸೀನಿದರು. ಒಂದೊಂದು ಸೀನಿಗೂ ಅಂಗಿಯಿಂದ, ಹುಬ್ಬಿನಿಂದ, ಕಿವಿಯ ಹಿಂದಿನಿಂದ ಸೀಮೆಸುಣ್ಣದ ಪುಡಿ ಭುಸ್ಸೆಂದು ಎದ್ದಿತು.

ಹೊಲಿಗೆ ಮಷಿನ್ ತುಳಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಮೊದಲು ಅಂಗಿ ಬದಲಾಯಿಸಿ. ಚರಿತ್ರೆ ಆಮೇಲೆ ಬದಲಾಯಿಸಿದರಾಯ್ತು."

ಮೇಷ್ಟ್ರ ಈ ಆವೇಶಕ್ಕೆ ಕಾರಣವಿತ್ತು. ಆವತ್ತು ಮಧ್ಯಾಹ್ನ ಶಾಲೆಯ ಹೆಡ್‌ಮೇಡಂ ಅವರನ್ನು ಕೋಣೆಗೆ ಕರೆಸಿ, "ಮೇಷ್ಟ್ರೇ, ನೀವು ಪಾಠ ಮಾಡೋದಕ್ಕಿಂತ ಸೀನೋದೇ ಜಾಸ್ತಿ ಆಗಿದೆ. ಮಕ್ಕಳು ಲೆಕ್ಕ ಬಿಟ್ಟು ನಿಮ್ಮ ಸೀನು ಎಣಿಸ್ತಾ ಕೂರ್ತಾರೆ. ನಿಮ್ಮ ಆರೋಗ್ಯಕ್ಕೂ ಒಳ್ಳೇದಲ್ಲ. ಸೋಮವಾರದಿಂದ ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕ ನೋಡ್ಕೊಳ್ಳಿ" ಎಂದುಬಿಟ್ಟಿದ್ದರು.

ಹಾಜರಿ ಪುಸ್ತಕ! ಇಪ್ಪತ್ತೆರಡು ವರ್ಷ ಬೋರ್ಡಿನ ಮುಂದೆ ನಿಂತ ಮನುಷ್ಯನಿಗೆ! ಒಂದು ಲೆಕ್ಕ ಮೇಲಿನಿಂದ ಕೆಳಕ್ಕೆ ಇಳಿದು, ಕೊನೆಯ ಸಾಲಿನಲ್ಲಿ ಉತ್ತರ ಸರಿಯಾಗಿ ಬಂದು ಕೂತಾಗ ಹಿಂದಿನ ಬೆಂಚಿನಿಂದ "ಓಹೋ!" ಎಂದು ಏಳುವ ಸದ್ದಿದೆಯಲ್ಲ, ಅದಕ್ಕಾಗಿ ಮೇಷ್ಟ್ರು ಇನ್ನೂ ಇಪ್ಪತ್ತೆರಡು ವರ್ಷ ಸೀನಲು ತಯಾರಿದ್ದರು. ಹಾಗಾಗಿ ಏನು ಎತ್ತ ಯೋಚಿಸದೆ, "ಸೋಮವಾರ ಧೂಳೇ ಏಳದ ಡಸ್ಟರ್ ತಂದು ತೋರಿಸ್ತೀನಿ ಮೇಡಂ" ಎಂದು ಮಾತು ಕೊಟ್ಟಿದ್ದರು.

"ತೋರಿಸಿ. ಇಲ್ಲದಿದ್ದರೆ ಹಾಜರಿ ಪುಸ್ತಕ" ಎಂದಿದ್ದರು ಮೇಡಂ.

ಮೇಷ್ಟ್ರ ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದರು. ಕೋಟು ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಮಷಿನ್, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎದುರಿಗೆ ಒಂದು ಕರಿಹಲಗೆ. ಗಿರಾಕಿಗಳ ಅಳತೆಯೆಲ್ಲ ಆ ಹಲಗೆಯ ಮೇಲೇ. ಪುಸ್ತಕದಲ್ಲಿ ಬರೆದಿಡಬಾರದೇನೇ ಎಂದು ಮೇಷ್ಟ್ರು ಒಮ್ಮೆ ಕೇಳಿದ್ದಕ್ಕೆ, "ಪುಸ್ತಕ ಬಟ್ಟೆ ರಾಶಿಯೊಳಗೆ ಕಳೆದುಹೋಗುತ್ತೆ. ಗೋಡೆ ಎಲ್ಲಿಗೆ ಹೋಗುತ್ತೆ?" ಎಂದು ಆಕೆ ಬಾಯಿ ಮುಚ್ಚಿಸಿದ್ದಳು. ಸದ್ಯ ಅಲ್ಲಿ ಹದಿನಾಲ್ಕು ಜನರ ಎದೆ, ಸೊಂಟ, ತೋಳುಗಳು ಸಾಲಾಗಿ ನಿಂತಿದ್ದವು. ಹದಿಮೂರು ಅಂಚೆ ಕಚೇರಿಯವರದು. ಹದಿನಾಲ್ಕನೆಯದು ಸಾಕ್ಷಾತ್ ಹೆಡ್‌ಮೇಡಂ ಅವರದು!

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವರೇ ಮೇಷ್ಟ್ರು ಮಹಾಯಜ್ಞಕ್ಕೆ ಕೂತರು. ಮೊದಲ ಡಸ್ಟರಿಗೆ ದಪ್ಪ ಸ್ಪಂಜು ಕಟ್ಟಿದರು. ಅದು ಧೂಳನ್ನು ಬೋರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆರವಣಿಗೆ ಮಾಡಿಸಿತೇ ಹೊರತು ತಾನು ಒಂದು ಕಣವನ್ನೂ ಮುಟ್ಟಲಿಲ್ಲ. ಎರಡನೆಯದಕ್ಕೆ ಆಟಿಕೆಯ ಪುಟ್ಟ ಫ್ಯಾನು ಜೋಡಿಸಿದರು, ಧೂಳನ್ನು ಒಳಗೆ ಎಳೆದುಕೊಳ್ಳಲಿ ಎಂದು. ಫ್ಯಾನು ಉಲ್ಟಾ ತಿರುಗಿತು. ಅಷ್ಟೂ ಪುಡಿ ಮೇಷ್ಟ್ರ ಮೂಗಿಗೇ ಬಂದು, ಏಳು ಸೀನು ಒಂದೇ ಉಸಿರಿಗೆ!

"ಆಯ್ತಾ ಚರಿತ್ರೆ?" ಎಂದಳು ಹೆಂಡತಿ.

"ದೊಡ್ಡ ಕೆಲಸ ಅಂದ ಮೇಲೆ ಅಡೆತಡೆ ಇರುತ್ತೆ ಕಣೇ!"

"ಇರಲಿ, ಇರಲಿ. ನಾನು ಗುಂಡಿ ತರೋಕೆ ಹೋಗ್ತಿದ್ದೀನಿ. ಮೇಡಂ ಕೋಟು ಸೋಮವಾರಕ್ಕೆ ಬೇಕಂತೆ, ಏನೋ ಮೀಟಿಂಗ್ ಅಂತೆ. ಬರೋದರೊಳಗೆ ಮನೆ ಇದ್ದ ಜಾಗದಲ್ಲೇ ಇರಲಿ."

ಆಕೆ ಹೋದಳು. ಮೇಷ್ಟ್ರು ಪೆಚ್ಚಾಗಿ ಮಷಿನ್ ಮುಂದೆ ಕೂತರು. ಆಗ ಕಣ್ಣಿಗೆ ಬಿತ್ತು ನೋಡಿ! ಮಷಿನ್ನಿನ ಎಣ್ಣೆ ಹಾಕುವ ತೂತಿನ ಸುತ್ತ ಧೂಳು ಮೆತ್ತಿಕೊಂಡಿತ್ತು. ಊದಿದರು, ಹಾರಲಿಲ್ಲ. ಮತ್ತೆ ಊದಿದರು, ಅಲ್ಲಾಡಲಿಲ್ಲ!

"ಎಣ್ಣೆ! ಧೂಳು ಎಣ್ಣೆಗೆ ಅಂಟುತ್ತೆ!" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

ಮುಂದಿನದೆಲ್ಲ ಸರಸರನೆ ನಡೆಯಿತು. ಮೇಜಿನ ಮೇಲೆ ಅಂಗೈಯಗಲದ, ಮೆತ್ತನೆಯ, ಒಂದು ಕಡೆ ಉಬ್ಬಿದ ಬಟ್ಟೆಯ ದಿಂಡೊಂದಿತ್ತು. ಕೈಯಲ್ಲಿ ಹಿಡಿದರೆ ಡಸ್ಟರಿಗೆಂದೇ ಹುಟ್ಟಿದಂತಿತ್ತು. ಅದನ್ನು ಮರದ ತುಂಡಿಗೆ ಗೋಂದು ಹಾಕಿ ಅಂಟಿಸಿದರು. ಮಷಿನ್ ಎಣ್ಣೆಯನ್ನು ಮೊದಲು ಒಂದು ಹನಿ ಹಾಕಿದರು, ಸಾಲದೇನೋ ಅನ್ನಿಸಿ ಹತ್ತು ಹನಿ ಹಾಕಿದರು, ಕೊನೆಗೆ ಯಾವುದಕ್ಕೂ ಇರಲಿ ಎಂದು ಬಾಟಲಿಯನ್ನೇ ಬಗ್ಗಿಸಿದರು. ಅಳತೆಯ ಹಲಗೆಯ ಪಕ್ಕದ ಮೊಳೆಯಲ್ಲಿ ಹೆಂಡತಿಯ ಒಂದು ಹಳೇ ಬಟ್ಟೆ ನೇತಾಡುತ್ತಿತ್ತು. ಅರ್ಧ ಒದ್ದೆ, ಅರ್ಧ ಒಣ. "ಥೂ, ಇಂಥ ಮಹತ್ವದ ಗಳಿಗೆಯಲ್ಲಿ ಇದೊಂದು ದರಿದ್ರ!" ಎಂದು ಎರಡೇ ಬೆರಳಿನಲ್ಲಿ ಎತ್ತಿ ಮೂಲೆಗೆಸೆದರು.

ಹೆಂಡತಿಯ ಅಂಕಿಗಳನ್ನು ಮುಟ್ಟುವಷ್ಟು ದಡ್ಡರಲ್ಲ ಮೇಷ್ಟ್ರು. ಹಲಗೆಯ ಕೆಳಮೂಲೆಯಲ್ಲಿ ಖಾಲಿ ಜಾಗ ಹುಡುಕಿ ಒಂದು ತ್ರಿಕೋನ ಬರೆದರು. ಉಸಿರು ಬಿಗಿಹಿಡಿದು ಒರೆಸಿದರು. ತ್ರಿಕೋನ ಮಾಯ! ಧೂಳು? ಸೊನ್ನೆ! ಸೀನು? ಸೊನ್ನೆ! ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಇನ್ನು ಹಾಜರಿ ಪುಸ್ತಕ ಯಾರಿಗಾದರೂ ಬೇಕಿದ್ದರೆ ಇಟ್ಟುಕೊಳ್ಳಲಿ!

ಆ ಹೊತ್ತಿಗೆ ಸರಿಯಾಗಿ ಬಾಗಿಲಿನ ಬೆಲ್ಲು ಹೊಡೆಯಿತು. ಟ್ರಿಣ್ಣ್ಣ್!

ಇಪ್ಪತ್ತೆರಡು ವರ್ಷದಿಂದ ಬೆಲ್ಲು ಎಂದರೆ ಮೇಷ್ಟ್ರಿಗೆ ಒಂದೇ ಅರ್ಥ. ಪೀರಿಯಡ್ ಮುಗಿಯಿತು, ಮುಂದಿನವರಿಗೆ ಬೋರ್ಡ್ ಒರೆಸಿ ಹೋಗಬೇಕು. ತಲೆ ಯೋಚಿಸುವುದರೊಳಗೆ ಕೈ ಹೊರಟಿತ್ತು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಐದೇ ಬೀಸು! ಡಸ್ಟರನ್ನು ಮೇಜಿನ ಮೇಲಿಟ್ಟು, ಕೈ ಕೊಡವಿಕೊಂಡು, ಶಿಸ್ತಾಗಿ ಹೋಗಿ ಬಾಗಿಲು ತೆಗೆದರು.

ಹೊಸ್ತಿಲಲ್ಲಿ ಹೆಡ್‌ಮೇಡಂ! ಅವರ ಹಿಂದೆ ಗುಂಡಿಯ ಪೊಟ್ಟಣ ಹಿಡಿದ ಹೆಂಡತಿ!

"ಕೋಟಿನ ತೋಳು ಚೂರು ಸಡಿಲ ಇರಲಿ ಅಂತ ಹೇಳೋಕೆ ಬಂದೆ. ಟೈಲರಮ್ಮ ಗೇಟಿನಲ್ಲೇ ಸಿಕ್ಕಿದರು" ಎನ್ನುತ್ತ ಮೇಡಂ ಒಳಗೆ ಬಂದರು.

ಹೆಂಡತಿ ಹಲಗೆಯನ್ನು ನೋಡಿದಳು. ಮೇಷ್ಟ್ರೂ ಆಗಲೇ ನೋಡಿದ್ದು. ಅಂಚೆ ಕಚೇರಿಗೆ ಅಂಚೆ ಕಚೇರಿಯೇ ನಿರ್ನಾಮವಾಗಿತ್ತು!

"ರೀ, ಅಳತೆ ಎಲ್ಲಿ?"

"ಗೋಡೆ... ಗೋಡೆ ಎಲ್ಲೂ ಹೋಗಿಲ್ಲ ಕಣೇ..."

"ಅಳತೆ ಎಲ್ಲಿ ಅಂದೆ!"

"ಬೆಲ್ಲು ಹೊಡೀತಲ್ಲ, ಪೀರಿಯಡ್ ಮುಗೀತು ಅಂತ ಕೈ ತಾನೇ ಒರೆಸಿಬಿಡ್ತು..."

ನಡುವೆ ಮೇಡಂ ಬಾಯಿ ಹಾಕಿದರು. "ಈಗ ತಾನೇ ಒರೆಸಿದಿರಾ? ಒಂದು ಚೂರೂ ಧೂಳಿಲ್ಲವಲ್ಲ! ಭಲೇ ಮೇಷ್ಟ್ರೇ!" ಮುಳುಗುತ್ತಿದ್ದ ಮೇಷ್ಟ್ರು ಈ ಒಂದು ಮಾತಿಗೆ ಮತ್ತೆ ತಲೆ ಎತ್ತಿದರು. "ನನ್ನ ಹೊಸ ಡಸ್ಟರು ಮೇಡಂ! ಧೂಳನ್ನು ನುಂಗಿಬಿಡುತ್ತೆ!" ಎಂದು ಅದನ್ನು ಅವರ ಕೈಗಿತ್ತರು.

ಹೆಂಡತಿ ಅದನ್ನು ಮೇಡಂ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು, ಮೂಸಿದಳು. "ಇಡೀ ತಿಂಗಳಿನ ಮಷಿನ್ ಎಣ್ಣೆ! ಮತ್ತೆ ಇದು... ಅಯ್ಯೋ ನಿಮ್ಮ! ಇದು ಮೇಡಂ ಕೋಟಿನ ಎಡಭುಜ ಕಣ್ರೀ! ಭುಜದೊಳಗೆ ಇಡೋ ಪ್ಯಾಡು!"

ಮೇಡಂ ತಮ್ಮ ಎಡಭುಜವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಇನ್ನು ನಿಂತು ಮುಖ ನೋಡಬೇಡಿ. ನಾನು ಮತ್ತೆ ಅಳತೆ ತಗೊಳ್ತೀನಿ, ನೀವು ಬರೀರಿ" ಎಂದು ಹೆಂಡತಿ ಟೇಪು ಬಿಚ್ಚಿದಳು. "ಎದೆ, ಮೂವತ್ತೆಂಟು!"

ಮೇಷ್ಟ್ರು ಸೀಮೆಸುಣ್ಣ ಒತ್ತಿದರು. ಅದು ಜಾರಿತು. ಜೋರಾಗಿ ಒತ್ತಿದರು. ಸುಣ್ಣ ಮುರಿಯಿತೇ ಹೊರತು ಒಂದು ಗೆರೆ ಮೂಡಲಿಲ್ಲ. ಹಲಗೆ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು, ಅದರಲ್ಲಿ ಮೇಷ್ಟ್ರ ಇಂಗು ತಿಂದ ಮಂಗನ ಮುಖ ಸೊಗಸಾಗಿ ಕಾಣುತ್ತಿತ್ತು.

"ಅದ್ಭುತ! ಬರೆದದ್ದನ್ನು ಅಳಿಸೋ ಡಸ್ಟರ್ ನೋಡಿದ್ದೆ. ಮುಂದೆ ಬರೆಯೋದನ್ನೂ ಈಗಲೇ ಅಳಿಸಿಡೋದನ್ನು ಇವತ್ತೇ ನೋಡಿದ್ದು" ಎಂದು ಮೇಡಂ ನಕ್ಕರು. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಹಾಜರಿ ಪುಸ್ತಕವೂ ಒಂದು ಕೆಲಸವೇ."

ಮೇಷ್ಟ್ರು ಕೈಯಲ್ಲಿದ್ದ ಸುಣ್ಣದ ತುಂಡನ್ನು ಮೇಜಿನ ಮೇಲಿಟ್ಟರು, ಮತ್ತೆ ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಅವರಿಗೆ ಅಳು ಬರುವಂತಾಗಿತ್ತು.

ಹೆಂಡತಿ ಅದನ್ನು ನೋಡಿದಳು. ಬೈಗುಳ ಅಲ್ಲಿಗೇ ನಿಂತಿತು. ಒಳಗೆ ಹೋಗಿ ಸೋಪಿನ ನೀರು ತಂದು ಹಲಗೆಯನ್ನು ತಿಕ್ಕಿ ತೊಳೆದಳು. ಮೂಲೆಯಲ್ಲಿ ಬಿದ್ದಿದ್ದ ಹಳೇ ಬಟ್ಟೆಯನ್ನು ಎತ್ತಿಕೊಂಡು ಒಣ ತುದಿಯಿಂದ ನೀರು ಹೀರಿಸಿದಳು. ಹಲಗೆ ಆರಿದ ಮೇಲೆ ಮೂವತ್ತೆಂಟು ಎಂದು ದೊಡ್ಡದಾಗಿ ಬರೆದಳು.

"ಮೂವತ್ತೊಂಬತ್ತು ಮಾಡಿಬಿಡಿ ಟೈಲರಮ್ಮ, ಉಸಿರಾಡೋಕೆ ಇರಲಿ" ಎಂದರು ಮೇಡಂ.

ಆಕೆ ಬಟ್ಟೆಯ ಒದ್ದೆ ತುದಿಯಿಂದ ಎಂಟನ್ನು ಒಮ್ಮೆ ಸವರಿ, ಒಣ ತುದಿಯಿಂದ ಒಮ್ಮೆ ಒತ್ತಿ, ಒಂಬತ್ತು ಬರೆದಳು. ಮೇಡಂ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. "ತಡೀರಿ, ತಡೀರಿ. ಇದರಲ್ಲೂ ಧೂಳು ಏಳಲಿಲ್ಲವಲ್ಲ!"

"ಇದರಲ್ಲಿ ಯಾಕೆ ಏಳುತ್ತೆ ಮೇಡಂ? ಹೊಸ ಬಟ್ಟೆಗಳ ಮೇಲೆ ಸುಣ್ಣದ ಪುಡಿ ಬಿದ್ದರೆ ಗಿರಾಕಿ ಸುಮ್ಮನೆ ಬಿಡ್ತಾರಾ? ಹಲಗೆ ಹಾಕಿದ ದಿನದಿಂದ ಹೀಗೇ ಒರೆಸ್ತಿರೋದು." ಗಂಡನ ಕಡೆ ತಿರುಗಿದಳು. "ರೀ, ಈ ಬೋರ್ಡಿನ ಮುಂದೆ ಕೂತು ದಿನಾ ಪೇಪರ್ ಓದ್ತೀರಲ್ಲ, ನಾನು ಒರೆಸುವಾಗ ಯಾವತ್ತಾದರೂ ಒಂದು ಸಲ ಸೀನಿದ್ದೀರಾ?"

ಮೇಷ್ಟ್ರು ಲೆಕ್ಕ ಹಾಕಿದರು. ಹಲಗೆ ಹಾಕಿ ಹದಿನೆಂಟು ವರ್ಷ. ದಿನಕ್ಕೆ ಹತ್ತು ಸಲ ಒರೆಸುವುದು. ಉತ್ತರ ಸೊನ್ನೆ. ಇದಕ್ಕಿಂತ ಸುಲಭದ ಲೆಕ್ಕವನ್ನು ಅವರು ಬದುಕಿನಲ್ಲೇ ತಪ್ಪು ಮಾಡಿರಲಿಲ್ಲ.

ಮೇಡಂ ಅಲ್ಲೇ ತೀರ್ಮಾನಿಸಿಬಿಟ್ಟರು. ಒಂದು ಮೈ ಒದ್ದೆ ಮಾಡಲು, ಇನ್ನೊಂದು ಮೈ ಒಣ ಇಡಲು ಬರುವಂಥ, ಎರಡು ಮೈಯ ಬಟ್ಟೆ ಡಸ್ಟರುಗಳನ್ನು ಟೈಲರಮ್ಮ ಶಾಲೆಯ ಒಂದೊಂದು ತರಗತಿಗೂ ಹೊಲಿದುಕೊಡಬೇಕು. ಮೇಷ್ಟ್ರು ಬೋರ್ಡಿನ ಮುಂದೆಯೇ ಇರಬಹುದು, ಆದರೆ ಇನ್ನು ಮೇಲೆ ಏನನ್ನೂ ಕಂಡುಹಿಡಿಯಬಾರದು!

ಭಾನುವಾರವಿಡೀ ಮೇಷ್ಟ್ರು ಟೇಪು ಹಿಡಿದು ಅಂಚೆ ಕಚೇರಿಯ ಹದಿಮೂರು ಮಂದಿಯ ಮನೆ ತಿರುಗಿದರು. ಪೋಸ್ಟ್‌ಮಾಸ್ಟರು ಹೊಟ್ಟೆ ಒಳಕ್ಕೆಳೆದುಕೊಂಡು ನಿಂತರು. ಮೇಷ್ಟ್ರು ಅವರು ಉಸಿರು ಬಿಡುವವರೆಗೂ ಕಾದು ಅಳತೆ ಬರೆದುಕೊಂಡರು, ಈ ಸಲ ಪೆನ್ನಿನಲ್ಲಿ.

ಸೋಮವಾರ ಮೇಷ್ಟ್ರು ಹೆಂಡತಿ ಹೊಲಿದ ಹೊಸ ಡಸ್ಟರು ಹಿಡಿದು ತರಗತಿಗೆ ಹೋದರು. ಬೋರ್ಡಿನ ತುಂಬ ಬರೆದರು, ಒರೆಸಿದರು, ಮತ್ತೆ ಬರೆದರು. ಕೊನೆಯ ಸಾಲಿನಲ್ಲಿ ಉತ್ತರ ಬಂದು ಕೂತಿತು. "ಓಹೋ!" ಎಂದಿತು ಹಿಂದಿನ ಬೆಂಚು. ಸೀನು ಎಣಿಸುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ತುಸು ಬೇಸರದಿಂದಲೇ, "ಸರ್, ಇವತ್ತು ಸೊನ್ನೆ" ಎಂದಳು. ಮೇಷ್ಟ್ರಿಗೆ ಆ ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಸಂಜೆ ಅದೇ ಖುಷಿಯಲ್ಲಿ ಮನೆಗೆ ಬಂದು ಬೆಲ್ಲಿಗೆ ಕೈ ಚಾಚಿದರೆ, ಬೆಲ್ಲು ಇರಲಿಲ್ಲ! ಎರಡು ತಂತಿಯ ತುದಿಗಳಿಗೆ ಟೇಪು ಸುತ್ತಿ ಬಿಟ್ಟಿತ್ತು. ಅದರ ಕೆಳಗೆ, ಹೆಂಡತಿಯ ಗುಂಡು ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು.

"ಗಿರಾಕಿಗಳ ಗಮನಕ್ಕೆ. ದಯವಿಟ್ಟು ಬಾಗಿಲು ಬಡಿಯಿರಿ. ಬೆಲ್ಲು ಕೇಳಿದರೆ ನಮ್ಮ ಯಜಮಾನರು ನಿಮ್ಮ ಅಳತೆ ಅಳಿಸಿಬಿಡುತ್ತಾರೆ."