ಯಾರ ಹೆಸರು ಯಾರು ಹೇಳಿದರು

ನಮ್ಮ ಮನೆಯ ಒಪ್ಪಂದ ಇಷ್ಟೇ ಇತ್ತು. ಸೊಸೆ ವರ್ಷದೊಳಗೆ ಪಿಎಚ್.ಡಿ. ಪ್ರಬಂಧ ಮುಗಿಸಿ ಕೊಟ್ಟರೆ ಹೊನ್ನಾಳಿ ಕಾಲೇಜಿನ ಲೈಬ್ರರಿ ಕೆಲಸ ಅವಳಿಗೆ ಕಾಯಂ. ಮುಗಿಸದಿದ್ದರೆ ಆ ಕೆಲಸ ಬೇರೆಯವರ ಪಾಲು. ಅವಳು ಚನ್ನಗಿರಿಯ ನಮ್ಮ ಅಡಿಕೆ ಮಂಡಿಯಲ್ಲಿ ಕೂತು ಲೆಕ್ಕ ಬರೆಯಬೇಕು. ಮಂಡಿಯ ಹಿಂದಿನ ಕೋಣೆ, ಕಂಪ್ಯೂಟರು, ಹೊತ್ತುಹೊತ್ತಿಗೆ ಚಹಾ ನನ್ನ ಖರ್ಚು. ಯಾವ ಕಡೆ ಬಿದ್ದರೂ ನನಗೆ ನಷ್ಟವಿಲ್ಲ ಎಂದು ಒಪ್ಪಿಕೊಂಡೆ. ನಷ್ಟವಿಲ್ಲ ಅಂದುಕೊಂಡ ವ್ಯಾಪಾರದಲ್ಲೇ ಇಂಥವು ನನಗೆ ಗಂಟುಬೀಳುತ್ತವೆ. ಇದು ಮೊದಲನೆಯದಲ್ಲ, ಕೊನೆಯದೂ ಆಗಲಾರದು.

ಒಡೆದು ನೋಡದ ಮಾಲು

"ಯಾವುದರ ಮೇಲಮ್ಮ ನಿನ್ನ ಪ್ರಬಂಧ?" ಎಂದು ಮೊದಲ ದಿನವೇ ಕೇಳಿದೆ.

"ಒಂದು ರಸಾಯನಶಾಸ್ತ್ರದ ಪತ್ರಿಕೆ ಮೇಲೆ, ಮಾವ."

"ಹಂಗಾದ್ರೆ ಅದನ್ನೆಲ್ಲ ಓದಬೇಕು."

"ಓದಾಕಿಲ್ಲ. ಯಾರು ಬರೆದ್ರು, ಎಷ್ಟು ಜನ ಸೇರಿ ಬರೆದ್ರು, ಆಮೇಲೆ ಬೇರೆಯವರು ತಮ್ಮ ಲೇಖನದಾಗೆ ಇವರ ಹೆಸರು ಎಷ್ಟು ಸಲ ಹೇಳಿದ್ರು, ಅಷ್ಟು ಎಣಿಸೋದು. ಪತ್ರಿಕೆ ಪ್ರಭಾವ ಎಷ್ಟೈತೆ ಅಂತ ಅದರಿಂದ ಗೊತ್ತಾಗ್ತೈತೆ."

ಅಡಿಕೆ ಕೊಳ್ಳುವಾಗ ನಾವು ಚೀಲಕ್ಕೆ ಕೈ ಹಾಕಿ ಒಂದೆರಡನ್ನಾದರೂ ಒಡೆದು ನೋಡುತ್ತೇವೆ. ಇವರದು ಚೀಲದ ಮೇಲಿನ ಹೆಸರಿನಲ್ಲೇ ಮುಗಿಯುತ್ತದೆ.

ತೂಕಕ್ಕೆ ಕಾಯುತ್ತಿದ್ದ ಉಬ್ರಾಣಿಯ ರೈತರೊಬ್ಬರ ಕಿವಿಗೆ ರಸಾಯನ ಎಂಬುದಷ್ಟೇ ಬಿತ್ತು. ಎದ್ದು ಕೋಣೆಯ ಬಾಗಿಲಿಗೇ ಬಂದರು.

"ಮೇಡಮ್ಮೋರೆ, ತೋಟಕ್ಕೆ ಒಂದು ಔಷಧಿ ಕೊಟ್ಟವ್ರೆ. ಹೊಡೀಬೋದೇನ್ರಿ?" ಎಂದು ಅದರ ಹೆಸರು ಹೇಳಿದರು.

ಸೊಸೆ ಕಂಪ್ಯೂಟರಿನಲ್ಲಿ ಹುಡುಕಿದಳು. "ಇದರ ಬಗ್ಗೆ ಒಂದು ಲೇಖನ ಐತೆ ನೋಡ್ರಿ. ಆರು ಜನ ಸೇರಿ ಬರೆದಾರೆ."

"ಏನಂತ ಬರೆದವ್ರೆ?"

"ಅದು ನನಗೆ ಗೊತ್ತಿಲ್ಲ."

ರೈತರು ನನ್ನ ಕಡೆ ತಿರುಗಿದರು. "ಬ್ಯಾಡ ಬಿಡ್ರಿ ಸಾವ್ಕಾರ್ರೆ. ಆರು ಜನ ಸೇರಿ ಬರೆದವ್ರೆ ಅಂದ್ರೆ ಒಬ್ಬರಿಗೂ ಧೈರ್ಯ ಇಲ್ಲ ಅಂತಾತು."

ಫ್ರಿಜ್ಜಿನ ಬೀಗ

ಆ ಪತ್ರಿಕೆಯಲ್ಲಿ ಮೊದಮೊದಲು ಒಬ್ಬೊಬ್ಬರೇ ಬರೆಯುತ್ತಿದ್ದರಂತೆ. ಬರಬರುತ್ತ ಒಂದು ಲೇಖನಕ್ಕೆ ನಾಲ್ಕು ಹೆಸರು, ಆರು ಹೆಸರು. ಇದಕ್ಕೆ ಕಾರಣವೇನೆಂದು ಸೊಸೆ ತಲೆ ಕೆಡಿಸಿಕೊಂಡಿದ್ದಳು.

"ಲಗ್ನಪತ್ರಿಕೆ ನೋಡಿಲ್ವೇನಮ್ಮ?" ಎಂದೆ. "ನನ್ನ ಮದುವೆದರಾಗೆ ನಮ್ಮಪ್ಪನ ಹೆಸರೊಂದೇ ಇತ್ತು. ಈಗ ಸುಖಾಗಮನ ಬಯಸೋರೇ ಎರಡು ಪುಟ. ಯಾರ ಹೆಸರು ಬಿಟ್ರೂ ಅವರು ಊಟಕ್ಕೆ ಬರಲ್ಲ."

ಅವಳು ನಕ್ಕಳು. ಆ ವಾರವೇ ನ್ಯಾಮತಿಯ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ತಮ್ಮ ತೋಟದ ಅಡಿಕೆ ತಂದರು. ನಮ್ಮ ಹಳೆಯ ಗಿರಾಕಿ. ಅವರ ಹೆಸರೂ ಅವಳ ಎಣಿಕೆಯಲ್ಲಿತ್ತು, ಒಂದು ಲೇಖನದಲ್ಲಿ ಮೂರನೆಯದಾಗಿ. ತೂಕ ನಡೆಯುವಾಗ ಕೇಳಿದೆ, "ಅದರಾಗೆ ನಿಮ್ಮ ಕೆಲಸ ಏನಿತ್ತು ಮೇಷ್ಟ್ರೆ?"

"ಫ್ರಿಜ್ಜು ನಮ್ಮ ವಿಭಾಗದ್ದು. ಅವರ ಸಾಮಾನೆಲ್ಲ ಅದರಾಗೇ ಇಟ್ಟಿದ್ರು."

"ಮತ್ತೆ ನಾಲ್ಕನೆಯೋರು?"

"ಆ ಫ್ರಿಜ್ಜಿನ ಬೀಗದ ಕೈ ಅವರ ಹತ್ರ ಇತ್ತು."

ಗೋಡೆ ಗಡಿಯಾರ

ಒಂದು ದಿನ ಸೊಸೆ ಪರದೆಯ ಮೇಲೆ ಒಂದು ಚಿತ್ರ ತೋರಿಸಿದಳು. ಜೇಡರ ಬಲೆಯಂತೆ ಗೆರೆಗಳು. ಒಬ್ಬರು ಇನ್ನೊಬ್ಬರ ಹೆಸರು ಹೇಳಿದಷ್ಟೂ ಅವರ ನಡುವಿನ ಗೆರೆ ದಪ್ಪ. ನಮ್ಮ ನ್ಯಾಮತಿ ಮೇಷ್ಟ್ರಿಗೂ ಜಗಳೂರಿನ ಇನ್ನೊಬ್ಬ ಕೆಮಿಸ್ಟ್ರಿ ಮೇಷ್ಟ್ರಿಗೂ ನಡುವೆ ಹಗ್ಗದಷ್ಟು ದಪ್ಪ ಗೆರೆ. ವರ್ಷಾನುಗಟ್ಟಲೆ ಇವರು ಅವರ ಹೆಸರು, ಅವರು ಇವರ ಹೆಸರು. ಆಮೇಲೆ ಒಂದು ವರ್ಷ ಕತ್ತರಿಸಿದ ಹಾಗೆ ನಿಂತುಹೋಗಿದೆ.

"ಯಾಕೆ ಅಂತಾನೇ ತಿಳೀವಲ್ದು ಮಾವ. ಸಂಶೋಧನಾ ಆಸಕ್ತಿಯ ಬದಲಾವಣೆ ಇರಬೋದು ಅಂತಾರೆ ನಮ್ಮ ಗೈಡು."

ನನಗೆ ಆ ವರ್ಷ ನೆನಪಿತ್ತು. ನ್ಯಾಮತಿಯವರ ಮಗಳ ಮದುವೆಗೆ ನಾವೂ ಹೋಗಿದ್ದೆವು. ಅದಕ್ಕೂ ಮುಂಚೆ ಜಗಳೂರಿನವರ ಮಗನ ಮದುವೆಗೆ ನ್ಯಾಮತಿಯವರು ಬೆಳ್ಳಿ ದೀಪ ಕೊಟ್ಟಿದ್ದರು. ನಮ್ಮ ಕಡೆ ಮುಯ್ಯಿ ಎಂದರೆ ಕೊಟ್ಟಷ್ಟಾದರೂ ತಿರುಗಿ ಬರಬೇಕು. ಮಗಳ ಮದುವೆಗೆ ಜಗಳೂರಿನವರು ತಂದದ್ದು ಗೋಡೆ ಗಡಿಯಾರ, ಅದೂ ಯಾವುದೋ ಸಿಮೆಂಟ್ ಕಂಪನಿಯ ಹೆಸರಿದ್ದದ್ದು. ನ್ಯಾಮತಿಯವರು ಅದನ್ನು ಊಟದ ಪಂಕ್ತಿಯಲ್ಲೇ ನನಗೆ ತೋರಿಸಿ, "ನೋಡ್ರಿ, ನನ್ನ ಬೆಲೆ" ಅಂದಿದ್ದರು.

ಸೊಸೆ ಎಲ್ಲ ಕೇಳಿ, "ಇದನ್ನ ಪ್ರಬಂಧದಾಗೆ ಬರೆಯಾಕೆ ಬರಲ್ಲ ಮಾವ" ಎಂದು ಗೈಡು ಹೇಳಿದ ‘ಸಂಶೋಧನಾ ಆಸಕ್ತಿಯ ಬದಲಾವಣೆ’ಯನ್ನೇ ಬರೆದಳು. ಗೋಡೆ ಗಡಿಯಾರಕ್ಕೆ ಅಷ್ಟು ಉದ್ದದ ಹೆಸರಿದೆ ಎಂದು ನನಗೂ ಅವತ್ತೇ ಗೊತ್ತಾದದ್ದು.

ಮೀನೆಣ್ಣೆ

ಪ್ರಬಂಧ ಕೊಡುವ ಗಡುವು ಹತ್ತಿರ ಬಂದಾಗ ದೊಡ್ಡ ಗಂಡಾಂತರ ಬಂತು. ಪತ್ರಿಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವರು ಜಗಳೂರಿನ ಮೇಷ್ಟ್ರೇ ಎಂದು ಸೊಸೆ ಬರೆದಿದ್ದಳು. ಅದೇ ಅವಳ ದೊಡ್ಡ ಶೋಧ. ನೋಡಿದರೆ ಅದೇ ಹೆಸರು, ಅದೇ ಇನಿಷಿಯಲ್ಲಿನವರು ಬೇರೆ ಊರುಗಳಲ್ಲೂ ಇದ್ದಾರೆ. ನಮ್ಮ ಕಡೆ ಬೀದಿಗೆ ಮೂವರು ಇರುವಂಥ ಹೆಸರು ಅದು. ಯಾವುದು ಯಾರದು ಎಂದು ಬಿಡಿಸದಿದ್ದರೆ ಪ್ರಬಂಧ ವಾಪಸು, ಕೆಲಸವೂ ಹೋದಂತೆ. ನಾನು ಮಂಡಿಯ ಲೆಕ್ಕದ ಮೇಜನ್ನು ಅವಳಿಗೆಂದು ಒರೆಸಿಟ್ಟೆ.

ಫೋನ್ ಮಾಡಿದರೆ ಜಗಳೂರಿನವರು, "ಹೊಸ ಮನೆ ಗೃಹಪ್ರವೇಶ ಐತೆ ಮೇಡಂ. ಮನೆಯೋರನ್ನೆಲ್ಲ ಕರ್ಕೊಂಡು ಬರ್ರಿ, ಅಲ್ಲೇ ಹೇಳ್ತೀನಿ" ಅಂದರು.

ಪಾತ್ರೆ ಅಂಗಡಿಯಲ್ಲಿ ಹೆಂಡತಿ ಮುಯ್ಯಿಗೆಂದು ಮೂರು ಲೀಟರಿನ ಕುಕ್ಕರು ಎತ್ತಿಕೊಂಡಳು. "ಐದು ಲೀಟರಿಂದು ತಗೋ" ಎಂದೆ.

"ಯಾಕ್ರೀ? ಅವ್ರೇನು ನಮಗೆ ಬೀಗರಾ?"

"ತಗೋ ಅಂದ್ನಲ್ಲ."

ಗೃಹಪ್ರವೇಶದ ಊಟ ಮುಗಿದ ಮೇಲೆ ಸೊಸೆ ಒಂದೊಂದೇ ಲೇಖನದ ಹೆಸರು ಓದಿದಳು. ಮೇಷ್ಟ್ರು ಎಲೆಅಡಿಕೆ ಹಾಕಿಕೊಂಡು, "ನಂದೇ" ಅಂದರು. ಮುಂದಿನದಕ್ಕೂ "ನಂದೇ". ಯಾವುದನ್ನೂ ಬಿಡುವ ಲಕ್ಷಣ ಕಾಣಲಿಲ್ಲ. ಸೊಸೆಯ ದನಿ ಅಳುವಂತಾಗಿತ್ತು.

"ಸರ್, ಇದು ಮೀನೆಣ್ಣೆ ಬಗ್ಗೆ ಐತೆ. ಮೀನು ತಂದು, ಕುದಿಸಿ..."

ಮೇಷ್ಟ್ರು ಗಾಬರಿಯಿಂದ ಅಡುಗೆಮನೆ ಕಡೆ ನೋಡಿದರು. "ಮೆಲ್ಲಗೆ ಹೇಳ್ರಿ ಮೇಡಂ! ನಮ್ಮತ್ತೆ ಒಳಗವ್ರೆ. ಇವತ್ತು ಹಾಲುಕ್ಕಿಸಿದ ಮನೆ ಇದು. ಅದು ನಂದಲ್ಲ."

"ಹಂಗಾದ್ರೆ ಇದರ ಜೊತೆಗಾರರು ಬರೆದಿರೋ ಇವು?"

"ಮೀನು ಮುಟ್ಟಿದೋರದು ಯಾವುದೂ ನಂದಲ್ಲ!"

ಹಾಗೆ ಒಂದು ಎಳೆ ಸಿಕ್ಕಿತು, ಉಳಿದದ್ದು ಬಿಚ್ಚಿಕೊಂಡಿತು. ಅವಳ ದೊಡ್ಡ ಶೋಧ ಮೂವರು ಸಾಧಾರಣ ಮೇಷ್ಟ್ರುಗಳಾಗಿ ಒಡೆದುಹೋದರೂ ಪ್ರಬಂಧ ಗಡುವಿನೊಳಗೆ ಹೋಯಿತು.

ಕೊನೆಗೆ ಕೈಗೆ ಬಂದದ್ದು

ಸೊಸೆಗೆ ಡಾಕ್ಟರ್ ಪದವಿ ಬಂತು, ಹೊನ್ನಾಳಿಯ ಕೆಲಸ ಕಾಯಂ ಆಯಿತು. ಮಂಡಿಯ ಲೆಕ್ಕ ಈಗಲೂ ನಾನೇ ಬರೆಯುತ್ತೇನೆ.

ಪ್ರಬಂಧದಿಂದ ಒಂದು ಲೇಖನವೂ ಅಚ್ಚಾಯಿತು. ಮೊದಲ ಹೆಸರು ಗೈಡಿನದು, ಎರಡನೆಯದು ಗೈಡಿನ ಹೆಂಡತಿಯದು, ಮೂರನೆಯದು ನಮ್ಮವಳದು. "ಅವರ ಹೆಂಡತಿ ಏನು ಮಾಡಿದ್ರಮ್ಮ?" ಎಂದೆ. "ಗೈಡು ಮನೆಯಾಗೆ ಇಲ್ಲ ಅಂತ ಫೋನಿನಾಗೆ ಹೇಳ್ತಿದ್ದಿದ್ದು ಅವರೇ ಮಾವ" ಅಂದಳು.

ಮೊನ್ನೆ ಚಹಾ ಕುಡಿಯುತ್ತ ಕೇಳಿದೆ, "ಈಗ ನಿನ್ನ ಲೇಖನದ ಪ್ರಭಾವ ಎಷ್ಟೈತೆ?"

"ಎರಡು ಉಲ್ಲೇಖ ಆಗ್ಯಾವೆ, ಮಾವ."

"ಯಾರ್‍ಯಾರು?"

"ಒಂದು ನಾನೇ, ನನ್ನ ಬೇರೆ ಲೇಖನದಾಗೆ ಹಾಕ್ಕೊಂಡೆ." ಚಹಾದ ಲೋಟ ಕೆಳಗಿಟ್ಟು ಹೇಳಿದಳು, "ಇನ್ನೊಂದು ಜಗಳೂರಿನ ಸರ್ ಹಾಕ್ಯಾರೆ. ಅವರದು ಬೋರ್‌ವೆಲ್ ನೀರಿನ ಮೇಲಿನ ಲೇಖನ. ಅದರಾಗೆ ನನ್ನ ಹೆಸರಿಗೆ ಏನು ಕೆಲಸ ಅಂತ ಎಷ್ಟು ಓದಿದ್ರೂ ತಿಳೀವಲ್ದು."

ಒಳಗಿನಿಂದ ನನ್ನ ಹೆಂಡತಿ ಕೂಗಿ ಹೇಳಿದಳು, "ಐದು ಲೀಟರಿನ ಕುಕ್ಕರು ಕಣೇ ಅದು!"