ಗಡ್ಡ ಬಿಟ್ಟ ಆಮೆ

ಎಲ್ಲಕ್ಕೂ ಕಾರಣ ಒಂದು ಚಿಲಕ. ವನ್ಯಜೀವಿ ಆರೈಕೆ ಕೇಂದ್ರದಲ್ಲಿ ಆಮೆಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಆಮೆಯಣ್ಣ ಎನ್ನುತ್ತಿದ್ದರು. ಆ ಹೆಸರು ಕೆಲಸದಿಂದ ಬಂತೋ ನಡಿಗೆಯಿಂದ ಬಂತೋ, ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅವನು ಕೊಳದ ಬಾಗಿಲಿಗೆ ಚಿಲಕ ಹಾಕಲು ಮರೆತ. ಒಂದು ಆಮೆ ಹೊರಟುಹೋಯಿತು. ಅವನು ಬಾಯಿಗೆ ಚಿಲಕ ಹಾಕಿಕೊಂಡ.

ಕೇಂದ್ರದ ಪ್ರತಿ ಆಮೆಯ ಚಿಪ್ಪಿನಂಚಿಗೂ ಗುರುತಿಗೆಂದು ಒಂದೊಂದು ಬಣ್ಣದ ನೇಲ್ ಪಾಲಿಶ್‌ನ ಬೊಟ್ಟು ಇರುತ್ತಿತ್ತು. ಇವತ್ತು ಬೆಳಿಗ್ಗೆ ಮೇಲ್ವಿಚಾರಕಿ ವರ್ಷದ ಲೆಕ್ಕಕ್ಕೆಂದು ಕೊಳದ ದಡದಲ್ಲಿ ನಿಂತು ಬೊಟ್ಟುಗಳನ್ನು ಎಣಿಸಿದರು.

"ನೇರಳೆ ಬೊಟ್ಟಿಂದು ಎಲ್ರೀ? ಸಂಜೆಯೊಳಗೆ ಅದು ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀವೂ ಬರ್ಬೇಡಿ."

ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಬೀದಿಯ ದರ್ಜಿ ಬಕೆಟ್ ಹಿಡಿದು ಬಂದ. "ಅಣ್ಣಾ, ಅಂಗಡಿ ಹಿಂದಿನ ಹೊಂಡದಲ್ಲಿ ಸಿಕ್ತು. ಇದೇನು ನೋಡಿ!"

ಆಮೆಯೇ. ಆದರೆ ಬೆನ್ನ ತುಂಬ ನೀಳವಾದ ಹಸಿರು ಕೂದಲು! ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ ಕೂತಿತ್ತು.

ಮೇಲ್ವಿಚಾರಕಿ ಪುಸ್ತಕ ತಿರುವಿದರು. ಮೆದು ಚಿಪ್ಪಿನದಿತ್ತು, ಉದ್ದ ಕತ್ತಿನದಿತ್ತು, ಕೂದಲಿನದಿರಲಿಲ್ಲ. ದರ್ಜಿ ಕೊರಳ ಟೇಪು ತೆಗೆದು ಅಳೆದ. "ನನ್ನ ಗಡ್ಡಕ್ಕಿಂತ ಉದ್ದ!"

"ವಯಸ್ಸಾಗಿರ್ಬೇಕು, ಪಾಪ," ಎಂದಳು ಪ್ರಾಣಿಗಳಿಗೆ ಅಡುಗೆ ಮಾಡುವ ಅಕ್ಕ.

"ವಯಸ್ಸಾದ್ರೆ ಉದುರತ್ತಕ್ಕಾ, ಬೆಳೆಯಲ್ಲ," ಎಂದು ಆಮೆಯಣ್ಣ ತನ್ನ ಬೋಳುತಲೆ ಸವರಿಕೊಂಡ. ಹೊಸದರ ಸಡಗರದಲ್ಲಿ ಹಳೆಯದು ಮರೆತೀತೆಂಬ ಆಸೆಯಿಂದ ಸೇರಿಸಿದ: "ಮೇಡಂ, ಹುಟ್ಟಿದಾಗಿಂದ ಇಂಥದ್ದನ್ನ ನಾನು ನೋಡೇ ಇಲ್ಲ. ಖಂಡಿತ ಹೊಸ ಜಾತಿ!"

ಮೇಲ್ವಿಚಾರಕಿ ತಕ್ಷಣ ದೊಡ್ಡ ಆಮೆ ಪಂಡಿತರೊಬ್ಬರಿಗೆ ಫೋನು ಮಾಡಿದರು. ಆಮೇಲೆ ಇವನತ್ತ ತಿರುಗಿದರು. "ಹೊಸದು ಬಂತು ಅಂತ ಹಳೇದನ್ನ ಬಿಡೋಕಾಗತ್ತಾ? ಸಂಜೆಗೆ ಎರಡೂ ಇರ್ಬೇಕು."

ಆಮೆಯಣ್ಣ ಹೊಂಡಕ್ಕಿಳಿದ, ಮೋರಿಗಿಳಿದ, ದರ್ಜಿಯ ಮಿಷನ್ನಿನ ಕೆಳಗೂ ತೂರಿದ. ಯಾರದೋ ಅಂಗಳದ ಹೂಕುಂಡ ಒಡೆದು ಬೈಸಿಕೊಂಡ. ಸಂಜೆ ಮೊಣಕಾಲುದ್ದ ಕೆಸರು ಹೊತ್ತು ಬರಿಗೈಯಲ್ಲಿ ಮರಳಿದ.

"ಪಂಡಿತರು ಬರೋ ಹೊತ್ತಾಯ್ತು," ಎಂದಳು ಅಕ್ಕ. "ನೆಂಟರು ಬಂದ್ರೆ ಮಕ್ಕಳ ಮುಖ ತೊಳೆಯಲ್ವಾ? ಅದಕ್ಕೊಂದು ಸ್ನಾನ ಮಾಡ್ಸಬಾರ್ದಾ?"

ಆಮೆಯಣ್ಣನಿಗೆ ಸರಿ ಎನ್ನಿಸಿತು. ಬ್ರಷ್ಷು ಎಳೆದ. ಹಾಲಿನ ಕೆನೆಯಂತೆ ಕೂದಲೆಲ್ಲ ಕಿತ್ತು ಬಂತು. ಪಾಚಿ! ವರ್ಷವಿಡೀ ಹೊಂಡದಲ್ಲಿ ಸೋಮಾರಿಯಾಗಿ ಕೂತು ಬೆಳೆಸಿದ್ದ ಪಾಚಿ! ಗಾಬರಿಯಲ್ಲಿ ಇನ್ನೂ ಉಜ್ಜಿದ. ಬಾಲದ ಪಕ್ಕ ನೇರಳೆ ಬೊಟ್ಟು ಮಿನುಗಿತು. "ನಂಗೊಪ್ಪಲ್ಲ, ನಿಮ್ಮ ಆಮೆಗೇ ಹಚ್ಚಿ" ಎಂದು ಹೆಂಡತಿ ಕೊಟ್ಟಿದ್ದ ಅದೇ ಬಣ್ಣ.

ಆಮೆಯಣ್ಣ ಜೀವನದಲ್ಲಿ ಮೊದಲ ಸಲ ಓಡಿದ.

"ಮೇಡಂ, ಸಿಕ್ತು! ನಮ್ಮ ಆಮೆ ಸಿಕ್ತು!"

ಮೇಲ್ವಿಚಾರಕಿ ಬೊಟ್ಟು ನೋಡಿ ನಕ್ಕರು. "ಭೇಷ್! ನಿಮ್ಮ ಕೆಲಸ ಉಳೀತು." ಎದುರಿನ ಕುರ್ಚಿಯಲ್ಲಿ ಪಂಡಿತರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಹೋಗಿ, ಈಗ ಆ ಗಡ್ಡದ ಆಮೆ ತನ್ನಿ. ಪಾಪ, ಊಟಾನೂ ಬಿಟ್ಟು ಬಂದಿದ್ದಾರೆ."

ಕೈಯಲ್ಲಿದ್ದ ಆಮೆ ಮೆಲ್ಲಗೆ ತಲೆ ಒಳಗೆಳೆದುಕೊಂಡಿತು. ಆಮೆಯಣ್ಣನಿಗೆ ಆ ಅನುಕೂಲ ಇರಲಿಲ್ಲ.