ಪಾಳಿಗೆ ನಿಂತ ಬಾಂಬರ್

ಬೇಡಕಿಹಾಳ ದಾಟಿದ ಮೇಲಿನ ಕವಲಿನಲ್ಲಿ ವಿಮಾನಚಾಲಕಿ ಜಿನಮತಿ ಉಪಾಧ್ಯೆ ದಾರಿ ತಪ್ಪಿದ್ದರು. ಎರಡೂ ಕಡೆ ಆಳೆತ್ತರದ ಕಬ್ಬು. ಜೀಪು ನಿಲ್ಲಿಸಿ, ಚಕ್ಕಡಿ ಹೊಡೆದುಕೊಂಡು ಹೊರಟಿದ್ದ ಹೆಂಗಸನ್ನು ಕೇಳಿದರು.

“ಅವ್ವಾ, ವಿಮಾನ ಇರೋ ಸಕ್ಕರಿ ಕಾರ್ಖಾನಿ ಎಲ್ಲೈತಿ?”

“ಹಾರೋ ವಿಮಾನೇನ್ರಿ ಬಾಯಾರ, ನಮ್ದೇನ್ರಿ?”

“ನಿಮ್ದ.”

“ಹಂಗಾರ ಈ ಗಾಡಿಗೋಳ ಹಿಂದ ಹೋಗ್ರಿ. ಎಲ್ಲಿ ಸಾಲುಗಟ್ಟಿ ನಿಂತಾವೋ ಅದ ಕಾರ್ಖಾನಿ.”

ಸಹಕಾರಿ ಸಕ್ಕರೆ ಕಾರ್ಖಾನೆಯೊಂದು ಬಾಂಬರ್ ವಿಮಾನ ಹೊಂದಿರುವುದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ೧೯೮೨ರ ಮಿಲಿಟರಿ ಹರಾಜಿನಲ್ಲಿ, ಕಬ್ಬಿಗೆ ಔಷಧ ಹೊಡೆಯುವ ಸಲುವಾಗಿ, ಕೃಷಿ ಉಪಕರಣದ ಸಬ್ಸಿಡಿಯಲ್ಲಿ ಅದನ್ನು ಕೊಳ್ಳಲಾಗಿತ್ತು. ಲಾರಿಯಲ್ಲಿ ಬಂದು ಗೋಣಿಚೀಲದ ಗೋದಾಮು ಸೇರಿದ್ದು ಅಲ್ಲಿಂದ ಕದಲಲಿಲ್ಲ. ಆದರೂ ಅದರ ಹಾರಾಟದ ಖರ್ಚು ವರ್ಷಾವರ್ಷ ಮಂಜೂರಾಗುತ್ತಿತ್ತು. ೧೯೯೩ರಲ್ಲಿ ಬಂದ ಆಡಿಟರ್ ಗಂಗಾರಾಮರು, ವಿಮಾನ ಮೇಲೆದ್ದದ್ದನ್ನು ಕಣ್ಣಾರೆ ಕಂಡರಷ್ಟೇ ಸಹಿ, ಇಲ್ಲವಾದರೆ ಅಷ್ಟೂ ಖರ್ಚು ಸಂಚಾಲಕರ ಮನೆಯಿಂದ ವಸೂಲಿ ಎಂದುಬಿಟ್ಟರು. ಮಂಡಳಿಗೆ ವಿಮಾನಯಾನದಲ್ಲಿ ಆಸಕ್ತಿ ಹುಟ್ಟಿತು.

ಪುಣೆಯಿಂದ ಬಂದ ಮೆಕ್ಯಾನಿಕರು ಪಾರಿವಾಳಗಳನ್ನು ಎಬ್ಬಿಸಿ, ಬಿರಿದ ರಬ್ಬರ್ ಪೈಪುಗಳನ್ನು ಬದಲಿಸಿ, ಎಂಜಿನ್ನಿನಲ್ಲಿ ಗಟ್ಟಿಯಾಗಿದ್ದ ಎಣ್ಣೆ ಬಸಿದು, ಎರಡೂ ಪಂಖಾ ತಿರುಗುವಂತೆ ಮಾಡಿದ್ದರು. ಜಿನಮತಿ ಒಂದೊಂದು ತಂತಿಯನ್ನೂ ಎಳೆದು ನೋಡಿದರು. ಅದು ನಿಜಕ್ಕೂ ಹಾರುವಂತಿತ್ತು! ಅವರು ಹತ್ತಿ ಹೊಲಗಳ ಮೇಲೆ ಔಷಧ ಹೊಡೆಯುವ ಪುಟ್ಟ ವಿಮಾನಗಳಲ್ಲೇ ಆಯುಷ್ಯ ಸವೆಸಿದವರು. ಎಡಗಣ್ಣಿಗೆ ಪೊರೆ ಬರುತ್ತಿತ್ತು. ಸೋಮವಾರ ಪುಣೆಯಲ್ಲಿ ವೈದ್ಯಕೀಯ ತಪಾಸಣೆ. ಅದಾದ ಮೇಲೆ ಲೈಸೆನ್ಸು ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅಷ್ಟರೊಳಗೆ ಇಂಥದೊಂದನ್ನು ಒಮ್ಮೆ ಮೇಲೆತ್ತಿದರೆ ಸಾಕಿತ್ತು.

ಗೋದಾಮು ಕಾರ್ಖಾನೆಯ ಗೇಟಿನ ಹೊರಗಿತ್ತು. ಯುದ್ಧಕಾಲದ ರನ್‌ವೇ ಅಂಗಳದ ಆಚೆಗಿತ್ತು. ನಡುವೆ ಕಬ್ಬು ನುರಿಸುವ ಹಂಗಾಮು.

“ಪಾಳಿ ಚೀಟಿ?” ಗೇಟಿನ ಕಾರಕೂನ ಮುರಗೆಪ್ಪ ಕೈಚಾಚಿದ.

“ಇದು ವಿಮಾನ ಐತೋ ಮಾರಾಯಾ!”

“ಗಾಲಿ ಅದಾವಿಲ್ರಿ?”

“ಅದಾವ.”

ಮುರಗೆಪ್ಪ ಗೋಡೆಯ ಮೇಲೆ ಬರೆದ ನಿಯಮ ತೋರಿಸಿದ. “ಗಾಲಿಯುಳ್ಳ ಯಾವುದೇ ವಸ್ತು ಪಾಳಿ ತಪ್ಪಿಸಿ ಒಳಬರತಕ್ಕದ್ದಲ್ಲ. ಖಾಲಿ ವಾಹನಕ್ಕೆ ಪಾಳಿ ಇರುವುದಿಲ್ಲ.”

ಅಧ್ಯಕ್ಷ ದಾದಾಸಾಹೇಬರು ಕೂಡಲೇ ಕ್ರಮ ಕೈಗೊಂಡರು. ರೆಕ್ಕೆ ತೂರಲೆಂದು ಗೇಟಿನ ಕಂಬ ಕೀಳಿಸಿದರು, ನಿಯಮ ಕೀಳಲಿಲ್ಲ. “ಹ್ವಾದ ವರ್ಷ ನಮ್ಮ ಅಳಿಯಾನ ಟ್ರ್ಯಾಕ್ಟರ್ ಪಾಳಿ ಬಿಟ್ಟು ಬಂತಂತ ಮಂದಿ ಗಾಡಿ ಎತ್ತು ಬಿಚ್ಚಿ ರಸ್ತೆದಾಗ ಕುಂತ್ರು ನೋಡ್ರಿ ಮ್ಯಾಡಮ್. ಇನ್ನ ವಿಮಾನ ಅಂದ್ರ ಬಿಡ್ತಾರೇನ್ರಿ? ಒಂದೀಟು ಕಬ್ಬು ಹೇರ್ಕೊಂಡು ಬಂದುಬಿಡ್ರಿ.”

ಬಾಂಬು ಇಡುವ ಹೊಟ್ಟೆಯೊಳಗೆ ಕಬ್ಬು ತುಂಬಿ, ಮೂಗಿಗೆ ಟ್ರ್ಯಾಕ್ಟರ್ ಕಟ್ಟಿ, ವಿಮಾನವನ್ನು ಸಾಲಿಗೆ ಹಚ್ಚಲಾಯಿತು. ಸಾಲು ದಿನಗಟ್ಟಲೆ ತೆವಳಿತು. ರೆಕ್ಕೆಯ ನೆರಳಿನಲ್ಲಿ ಗಾಡಿಯವರು ಒಲೆ ಹೂಡಿ ರೊಟ್ಟಿ ಬಡಿದರು. ಎಂಜಿನ್ ತಣ್ಣಗಾಗದಿರಲೆಂದು ಜಿನಮತಿ ಚಾಲೂ ಮಾಡುವ ಗುಂಡಿಗೆ ಕೈಹಾಕಿದಾಗ, ಕಟಾವಿನ ಗ್ಯಾಂಗಿನ ಕೆಂಚವ್ವ ಕೆಳಗಿನಿಂದ ಕೂಗಿದಳು: “ಬಾಯಾರ, ಪಂಖಾ ತಿರುವಬ್ಯಾಡ್ರಿ! ಅದಕ್ಕ ಕಟ್ಟಿದ ಜೋಳಿಗ್ಯಾಗ ಕೂಸು ಮಲಗೇತಿ!”

ಭಾನುವಾರ ಸಂಜೆ ಪಾಳಿ ಬಂತು. ತೂಕವಾಯಿತು. ಜಿನಮತಿ ಹಿಡಿಕೆ ಎಳೆದರು. ಹೊಟ್ಟೆಯ ಬಾಗಿಲು ತೆರೆದು ಕಬ್ಬೆಲ್ಲ ಒಮ್ಮೆಗೇ ದಬದಬನೆ ಬಿತ್ತು. ಹೊರೆ ಇಳಿದ ವಿಮಾನ ತನ್ನ ಸ್ಪ್ರಿಂಗಿನ ಕಾಲುಗಳ ಮೇಲೆ ಒಂದು ಗೇಣು ಮೇಲೆದ್ದಿತು.

“ಎದ್ದಿತು!” ಎಂದರು ದಾದಾಸಾಹೇಬರು.

“ಗಾಲಿ ನೆಲಾ ಬಿಟ್ಟಿಲ್ರಿ,” ಎಂದರು ಜಿನಮತಿ.

ಆಡಿಟರ್ ಗಂಗಾರಾಮರು ಚಷ್ಮಾ ಒರೆಸಿಕೊಂಡರು. “ಗಾಲಿ ವಿಷಯ ನಾ ಬರದಿಲ್ರಿ. ನೀವು ಕುಂತಲ್ಲೇ ಮ್ಯಾಲೆ ಬಂದ್ರೋ ಇಲ್ಲೋ?”

“ಒಂದು ಗೇಣು ಬಂದೆ.”

“ಕೆಳಗ ಇಳಿದ್ರೇನು?”

“ಇನ್ನೂ ಇಲ್ರಿ.”

“ಹಂಗಾರ ಹಾರಾಟ ಚಾಲೂ ಐತಿ,” ಎಂದು ಅವರು ಸಹಿ ಹಾಕಿದರು.

ಜಿನಮತಿ ಕಿಟಕಿಯಿಂದ ಅರ್ಧ ಹೊರಬಿದ್ದರು. “ರನ್‌ವೇ ಅಲ್ಲೇ ಕಾಣಾಕತ್ತೈತ್ರಿ! ಒಂದ ಒಂದು ಸುತ್ತು...”

“ಹಾರಾಕತ್ತಿದ್ದ ವಿಮಾನಾನ ಮತ್ತ ಹೆಂಗ ಹಾರಸ್ತೀರಿ?” ದಾದಾಸಾಹೇಬರು ಮರುಕದಿಂದ ಕೇಳಿದರು. ಮುರಗೆಪ್ಪ ಮುಂದಿನ ಪಾಳಿಯ ಚೀಟಿ ಚಾಚಿದ: ಹಾರೂಗೇರಿ ಕಡೆಯ ಕಬ್ಬು.

ಅಂದು ರಾತ್ರಿಯೇ ಮಂಡಳಿ ಠರಾವು ಮಾಡಿತು. ವಿಮಾನ ಖಾಲಿ ಇರುವಾಗ ಹಾರಾಟದಲ್ಲಿದೆಯೆಂದೂ, ಕಬ್ಬು ಹೇರಿದಾಗ ಇಳಿದಿದೆಯೆಂದೂ ತಿಳಿಯತಕ್ಕದ್ದು. ಹಾರಾಟದ ನಡುವೆ ಚಾಲಕರ ಲೈಸೆನ್ಸಿನ ಅವಧಿ ಮುಗಿಯತಕ್ಕದ್ದಲ್ಲ. ಈ ಎರಡನೆಯ ವಾಕ್ಯವನ್ನು ಜಿನಮತಿ ಎರಡು ಸಲ ಓದಿದರು. ಸೋಮವಾರ ಅವರು ಪುಣೆಗೆ ಹೋಗಲಿಲ್ಲ.

ಟ್ರ್ಯಾಕ್ಟರಿನ ಹಿಂದೆ ವಿಮಾನ ಹಾರೂಗೇರಿ ರಸ್ತೆ ಹಿಡಿದಿತ್ತು. ಎದುರು ಬಂದ ಬಸ್ಸಿನ ಡ್ರೈವರ್ ಗಾಡಿಯನ್ನು ಬದಿಗೆ ಇಳಿಸಿ, ತಲೆ ಹೊರಗೆ ಹಾಕಿ ಕೇಳಿದ:

“ಅಕ್ಕಾರ, ಈಗ ಮ್ಯಾಲದೀರೇನ್ರಿ, ಕೆಳಗದೀರೇನ್ರಿ?”

ಜಿನಮತಿ ಹಿಂದಕ್ಕೆ ತಿರುಗಿ ಕಬ್ಬು ಇದೆಯೋ ಇಲ್ಲವೋ ನೋಡಿದರು.

“ಮ್ಯಾಲಪ್ಪಾ,” ಎಂದರು.